ಎರಡು ಸಿಲಿಂಡರುಗಳ ಬೀಳ್ಕೊಡುಗೆ

ಬೈಂಡರನ ಆ ದಿನದ ಪಾಡಿಗೆಲ್ಲ ಕಾರಣ, ಬೆಳಿಗ್ಗೆ ಎಂಟು ಗಂಟೆಗೆ ಬಂದ ಹೆಂಡತಿಯ ಫೋನು. ಒಂದು ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅವನು ಅಡುಗೆಮನೆಯಲ್ಲಿ ನಿಂತಿದ್ದ.

"ರೀ, ಇವತ್ತು ಸಾಯಂಕಾಲ ಐದಕ್ಕೆ ಬರ್ತಿದೀವಿ. ನಾನು, ಮಗು, ಅಮ್ಮ."

ಅವನು ಬ್ರೆಡ್ಡನ್ನು ತಟ್ಟೆಗೆ ಹಾಕಿದ. ಮಗಳು ಹುಟ್ಟಿ ಎಪ್ಪತ್ತು ದಿನವಾಗಿತ್ತು. ಬೈಂಡರ್ ಅವಳನ್ನು ನೋಡಿದ್ದು ಎರಡೇ ಸಲ. ಒಂದು ಸಲ ಆಸ್ಪತ್ರೆಯ ಗಾಜಿನಾಚೆ, ಇನ್ನೊಂದು ಸಲ ಅತ್ತೆಯ ಮನೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಾಗ. ದಿನಾ ಪುಸ್ತಕದ ಬೆನ್ನು ಕಟ್ಟುವವನಿಗೆ ಮಗಳದೂ ಬೆನ್ನೇ ಕಂಡಿತ್ತು. ಮುಖ ಸರಿಯಾಗಿ ನೋಡಿರಲಿಲ್ಲ.

"ಬನ್ನಿ, ಬನ್ನಿ! ನಾನು ರಜಾ ಹಾಕ್ತೀನಿ, ಮನೆ ಗುಡಿಸ್ತೀನಿ..."

"ಮನೆ ಗುಡಿಸೋದಿರಲಿ. ಆ ಎರಡು ಒಳಗಿರಬಾರದು."

"ಯಾವೆರಡು?"

"ಸಿಲಿಂಡರು ಕಣ್ರೀ. ಅಮ್ಮ ಪೇಪರಲ್ಲಿ ಏನೋ ಓದಿದಾಳೆ. ಅವು ಮನೇಲಿದ್ರೆ ಮಗು ಹೊಸಲು ದಾಟಲ್ಲ, ಟ್ಯಾಕ್ಸಿ ಹಾಗೇ ವಾಪಸ್ ತಿರುಗುತ್ತೆ ಅಂತಿದಾಳೆ. ಈ ಸಲ ತಿರುಗಿದ್ರೆ ಇನ್ನು ಮಗು ನಡ್ಕೊಂಡೇ ಬರೋದಂತೆ."

"ಖಾಲಿ ಕಣೇ ಅವು! ಊದಿದ್ರೂ ಸದ್ದು ಬರಲ್ಲ."

"ಅದನ್ನ ಅಮ್ಮನಿಗೇ ಹೇಳಿ. ಕೊಡ್ಲಾ?"

"ಬೇಡ ಬೇಡ ಬೇಡ," ಎಂದ ಬೈಂಡರ್.

ಆ ಎರಡು ಸಿಲಿಂಡರು ಅವನವೂ ಅಲ್ಲ. ಮನೆ ಹಿಡಿದಾಗಲೇ ಅಡುಗೆಮನೆಯ ಮೂಲೆಯಲ್ಲಿ ಅಕ್ಕಪಕ್ಕ ನಿಂತಿದ್ದವು, ಮದುವೆ ಫೋಟೋಗೆ ನಿಂತ ದಂಪತಿಯ ಹಾಗೆ. ಕಟ್ಟಡಕ್ಕೆಲ್ಲ ಪೈಪಿನ ಗ್ಯಾಸ್ ಬಂದು ವರ್ಷಗಳಾಗಿದ್ದವು. ಒಂದರ ಮೇಲೆ ನೀರಿನ ಕೊಡ ಕೂತಿತ್ತು, ಇನ್ನೊಂದರ ಮೇಲೆ ರಾತ್ರಿಯೂಟಕ್ಕೆ ಬೈಂಡರನೇ ಕೂರುತ್ತಿದ್ದ. ಒಂದು ಭಾನುವಾರ ಹೊತ್ತು ಹೋಗದೆ, ಪ್ರೆಸ್ಸಿನಿಂದ ತಂದ ಬಂಗಾರದ ಬಣ್ಣದಲ್ಲಿ ಎರಡಕ್ಕೂ ತನ್ನ ಮನೆ ನಂಬರು, ತನ್ನ ಹೆಸರು ಬರೆದು 'ಸಂಪುಟ ಒಂದು', 'ಸಂಪುಟ ಎರಡು' ಎಂದು ಅಂದವಾಗಿ ಸೇರಿಸಿದ್ದ. ಹಾಗಾಗಿ ಅವನ್ನು ಎಲ್ಲೋ ಒಂದು ಮೋರಿಯ ಪಕ್ಕ ಸುಮ್ಮನೆ ಇಟ್ಟು ಬರುವ ದಾರಿ ಮುಚ್ಚಿಹೋಗಿತ್ತು.

ಅವನು ಗ್ಯಾಸ್ ಡಿಪೋಗೆ ಫೋನ್ ಮಾಡಿದ.

"ತನ್ನಿ," ಎಂದಿತು ಆ ಕಡೆಯ ದನಿ. "ನಾಲ್ಕೂವರೆ ಒಳಗೆ ತನ್ನಿ. ನಿಮ್ಮ ಕಟ್ಟಡದ ಗೇಟ್ ಚೀಟಿ ಇರ್ಬೇಕು. ಚೀಟಿ ಇಲ್ಲ ಅಂದ್ರೆ ಕದ್ದ ಮಾಲು."

ಇಷ್ಟೇನಾ ಅಂದುಕೊಂಡು ಬೈಂಡರ್ ಶಿಳ್ಳೆ ಹಾಕುತ್ತ ಮೂರು ಮಹಡಿ ಇಳಿದ.

ಗೇಟಿನಲ್ಲಿ ಕೂತಿದ್ದವನನ್ನು ಎಲ್ಲರೂ ರಿಜಿಸ್ಟರ್ ಮಾವ ಅಂತಲೇ ಕರೆಯುತ್ತಿದ್ದರು. ಅವನ ಮುಂದೆ ಎರಡು ದಪ್ಪ ಪುಸ್ತಕ, ಒಂದು ಒಳಗೆ ಬಂದದ್ದಕ್ಕೆ, ಇನ್ನೊಂದು ಹೊರಗೆ ಹೋದದ್ದಕ್ಕೆ. ಗುಂಡುಸೂಜಿ ಬಂದರೂ ಬರೆಯುತ್ತಿದ್ದ. ಒಮ್ಮೆ ಎರಡನೇ ಮಹಡಿಯ ಕಂಡಕ್ಟರ್ ಬೆಳಿಗ್ಗೆ ಗಡ್ಡ ಇಟ್ಟುಕೊಂಡು ಹೋದವನು ಸಂಜೆ ಬೋಳಿಸಿಕೊಂಡು ಬಂದಾಗ, ಗಡ್ಡ ಹೊರಗೆ ಹೋದದ್ದು ಕಣ್ಣಾರೆ ಕಂಡಿದ್ದೇನೆ, ವಾಪಸ್ ಬಂದಿಲ್ಲ ಎಂದು ಅವನನ್ನು ಮುಕ್ಕಾಲು ಗಂಟೆ ನಿಲ್ಲಿಸಿದ್ದ. ಕೊನೆಗೆ 'ಗಡ್ಡ, ಒಂದು, ನಷ್ಟ' ಎಂದು ಬರೆದ ಮೇಲೆಯೇ ಬಿಟ್ಟದ್ದು.

"ಮಾವ, ಎರಡು ಸಿಲಿಂಡರ್ ಹೊರಗೆ ಹೋಗ್ತವೆ. ಒಂದು ಚೀಟಿ ಕೊಡಿ."

"ಅದಕ್ಕೇನು, ಕೊಡೋಣ." ರಿಜಿಸ್ಟರ್ ಮಾವ ಒಳಗಿನ ಪುಸ್ತಕ ಎಳೆದುಕೊಂಡ. "ಯಾವಾಗ ಬಂದವು?"

"ನನಗೇನು ಗೊತ್ತು? ನಾನು ಬರೋಕ್ಕೆ ಮುಂಚೇನೇ ಇದ್ವು."

ಮಾವ ಎಂಜಲು ಹಚ್ಚಿ ಹಾಳೆ ತಿರುವಿದ. ಹಳೆಯ ಪುಸ್ತಕ ತೆಗೆದ. ಅದಕ್ಕಿಂತ ಹಳೆಯದನ್ನೂ ತೆಗೆದ. ಅರ್ಧ ಗಂಟೆಯಾದ ಮೇಲೆ ಕನ್ನಡಕ ತೆಗೆದು, ಸಾವಿನ ಸುದ್ದಿ ಹೇಳುವ ಡಾಕ್ಟರಂತೆ ತಲೆಯಾಡಿಸಿದ.

"ಬಂದೇ ಇಲ್ಲ."

"ಬಂದೇ ಇಲ್ಲ ಅಂದ್ರೆ? ಮೇಲೆ ಇದಾವಲ್ಲ ಮಾವ! ದಿನಾ ಅದರ ಮೇಲೆ ಕೂತು ಊಟ ಮಾಡ್ತೀನಿ."

"ನೀನು ಯಾವುದರ ಮೇಲೆ ಕೂರ್ತೀಯೋ ಅದು ನಿನ್ನ ಸಂಸಾರದ ವಿಷಯ. ಪುಸ್ತಕದಲ್ಲಿ ಬಂದಿಲ್ಲ. ಬರದೇ ಇರೋದನ್ನ ಹೊರಗೆ ಹೋಯ್ತು ಅಂತ ಹೆಂಗಪ್ಪಾ ಬರೀಲಿ? ಮೇಲಿನ ದೇವ್ರು ಮೆಚ್ತಾನಾ?"

"ಈಗ ಏನು ಮಾಡ್ಲಿ?"

"ಮೊದ್ಲು ಒಳಗೆ ತಗೊಂಡು ಬಾ. ಬರ್ಕೊತೀನಿ. ಆಮೇಲೆ ಹೊರಗೆ ತಗೊಂಡು ಹೋಗು."

"ಒಳಗೆ ತರ್ಬೇಕು ಅಂದ್ರೆ ಹೊರಗಿರಬೇಕಲ್ಲ ಮಾವ!"

"ಅದೂ ಸರೀನೇ," ಎಂದ ರಿಜಿಸ್ಟರ್ ಮಾವ. ಅವನಿಗೂ ಪಾಪ, ನಿಜವಾಗಿ ಬೇಸರವಾಗಿತ್ತು.

ಇದನ್ನೆಲ್ಲ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡವರು ಸಲಹೆ ಮೇಷ್ಟ್ರು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಕಟ್ಟಡದಲ್ಲಿ ಯಾರಿಗೆ ಏನು ಕಷ್ಟ ಬಂದರೂ ಕರೆಯುವ ಮುಂಚೆಯೇ ಬಂದು ನಿಲ್ಲುತ್ತಿದ್ದರು, ಕಷ್ಟ ಎರಡಾಗುವ ತನಕ ಹೋಗುತ್ತಿರಲಿಲ್ಲ.

"ಏನಪ್ಪಾ ಬೈಂಡರ್, ಇಷ್ಟಕ್ಕೆ ಮುಖ ಯಾಕೆ ಹುಳಿ ಮಾಡ್ಕೊಂಡಿದೀಯ? ಗೇಟಿಂದ ತಾನೇ ಹೋಗಬಾರದು? ನಿನ್ನ ಹಿಂದಿನ ಕಿಟಕಿ ಬೀದಿ ಕಡೆಗಿದೆ. ಹಗ್ಗ ಕಟ್ಟಿ ಇಳಿಸೋದು. ಸುತ್ತು ಹಾಕಿ ಗೇಟಿಗೆ ತರೋದು. ಮಾವ ಬರ್ಕೊತಾರೆ. ಮುಗೀತು!"

ಇಬ್ಬರೂ ರಿಜಿಸ್ಟರ್ ಮಾವನ ಮುಖ ನೋಡಿದರು.

"ಕಿಟಕಿಗೆ ಪುಸ್ತಕ ಇಟ್ಟಿಲ್ಲ," ಎಂದ ಮಾವ ಗಂಭೀರವಾಗಿ. "ಅದು ನನ್ನ ಡ್ಯೂಟಿ ಅಲ್ಲ."

ಹತ್ತೂವರೆಗೆ ಸಂಪುಟ ಒಂದು ಹಗ್ಗ ಬಿಗಿಸಿಕೊಂಡು ಕಿಟಕಿಯ ಹೊರಗೆ ತೂಗಾಡುತ್ತಿತ್ತು. ಬೈಂಡರ್ ಮೇಲೆ ನಿಂತು ಹಗ್ಗ ಬಿಡುತ್ತಿದ್ದ. ಮೇಷ್ಟ್ರು ಬೀದಿಯಲ್ಲಿ ನಿಂತು, ಗೋಡೆಗೆ ಚಿತ್ರ ನೇತುಹಾಕಿಸುವವರ ಹಾಗೆ, ಎಡಕ್ಕೆ, ಸ್ವಲ್ಪ ಬಲಕ್ಕೆ, ಮತ್ತೆ ಎಡಕ್ಕೆ ಎನ್ನುತ್ತಿದ್ದರು. ಸಿಲಿಂಡರಿಗೆ ಎಡ ಬಲ ತಿಳಿಯುವುದಿಲ್ಲ. ಅದು ತನ್ನ ಪಾಡಿಗೆ ತಿರುಗುತ್ತ ಮೊದಲ ಮಹಡಿಯ ದೊಡ್ಡಮ್ಮನ ಬಟ್ಟೆ ತಂತಿಗೆ ಹೋಯಿತು. ಅಲ್ಲಿ ಒಣಗುತ್ತಿದ್ದ ಹೂವಿನ ನೈಟಿಯೊಳಗೆ ಸಿಲಿಂಡರ್ ನುಗ್ಗುವುದು ಹೇಗೆ ಸಾಧ್ಯ? ಸಾಧ್ಯವಿಲ್ಲ. ಆದರೂ ಕತ್ತಿನಿಂದ ಇಳಿದು, ತೋಳೆರಡೂ ಅತ್ತಿತ್ತ ಹರಡಿ, ತನಗೇ ಹೊಲಿಸಿದ್ದೇನೋ ಎಂಬಂತೆ ತೊಟ್ಟುಕೊಂಡು ಮುಂದೆ ಇಳಿಯಿತು.

ಬೀದಿಯಲ್ಲಿ ಹೋಗುತ್ತಿದ್ದವರು ತಲೆ ಎತ್ತಿದರು. ಮೂರನೇ ಮಹಡಿಯಿಂದ ಬಿಟ್ಟ ಹಗ್ಗಕ್ಕೆ ತೂಗುತ್ತ ತಲೆಯಿಲ್ಲದ ಹೆಂಗಸೊಬ್ಬಳು ಹೂವಿನ ನೈಟಿಯಲ್ಲಿ ನಿಧಾನವಾಗಿ, ಬಹಳ ಮರ್ಯಾದೆಯಿಂದ ಇಳಿಯುತ್ತಿದ್ದಳು.

"ಅಯ್ಯಯ್ಯೋ! ಬೈಂಡರ್ ಅವನ ಅತ್ತೇನ ಇಳಿಸ್ತಿದಾನೆ!" ಎಂದು ಯಾರೋ ಕೂಗಿದರು.

"ಅತ್ತೆ ಇನ್ನೂ ಬಂದೇ ಇಲ್ರೀ, ಸಾಯಂಕಾಲ ಐದಕ್ಕೆ ಬರೋದು!" ಎಂದು ಬೈಂಡರ್ ಮೇಲಿನಿಂದ ಕೂಗಿ ಹೇಳಿದ. ಆ ಉತ್ತರದಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ.

ದೊಡ್ಡಮ್ಮ ಒಲೆಯ ಮೇಲಿನ ಪಾತ್ರೆ ಬಿಟ್ಟು ಓಡಿ ಬಂದು ಬೀದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನೋ ಬೈಂಡರ್! ನನ್ನ ಹೊಸ ನೈಟಿ ಕಣೋ ಅದು! ನಾನೇ ಇನ್ನೂ ಎರಡು ಸಲ ಹಾಕಿಲ್ಲ, ನಿನ್ನ ಸಿಲಿಂಡರಿಗೆ ಹಾಕಿ ಮೆರವಣಿಗೆ ಮಾಡ್ತಿದೀಯಲ್ಲ!"

"ತೆಗೆದುಬಿಡಿ ದೊಡ್ಡಮ್ಮ, ದಯವಿಟ್ಟು!"

"ಹೆಂಗೋ ತೆಗೀಲಿ? ಹಗ್ಗದ ಗಂಟಿಗೆ ಸಿಕ್ಕೊಂಡಿದೆ, ಗಂಟು ಬಿಚ್ಚೋಕೂ ಬರ್ತಿಲ್ಲ. ಎಳೆದ್ರೆ ಹರಿಯುತ್ತೆ. ಹರಿದ್ರೆ ನೋಡು, ನಿನ್ನನ್ನ ಬಿಡ್ತೀನಾ?"

ಹೀಗಾಗಿ ನೈಟಿ ಹರಿಯಬಾರದೆಂದು ಸಂಪುಟ ಒಂದು ಅದನ್ನು ತೊಟ್ಟುಕೊಂಡೇ ಇರಬೇಕೆಂದು ತೀರ್ಮಾನವಾಯಿತು. ದೊಡ್ಡಮ್ಮ ತನ್ನ ನೈಟಿ ಕಣ್ಣಿಂದ ಮರೆಯಾಗಕೂಡದೆಂದು ಜೊತೆಗೇ ಹೊರಟಳು. ಸಂಪುಟ ಎರಡು ಯಾವ ತಕರಾರೂ ಇಲ್ಲದೆ ಬರಿಮೈಯಲ್ಲಿ ಇಳಿಯಿತು.

ಸುತ್ತು ಹಾಕಿ ಗೇಟಿಗೆ ಬಂದಾಗ ರಿಜಿಸ್ಟರ್ ಮಾವ ಎದ್ದು ನಿಂತು ಬರಮಾಡಿಕೊಂಡ. 'ಸಿಲಿಂಡರ್, ಎರಡು, ಒಳಗೆ. ಒಂದಕ್ಕೆ ಬಟ್ಟೆ ಇದೆ' ಎಂದು ದುಂಡಗೆ ಬರೆದ. ಬೈಂಡರನ ಕಣ್ಣಲ್ಲಿ ನೀರು ಬಂತು.

"ಈಗ ಹೊರಗಿನ ಚೀಟಿ ಕೊಡಿ ಮಾವ."

"ಕೊಡ್ತೀನಿ. ಒಳಗೆ ಹೋಗಲಿ ಮೊದ್ಲು."

"ಬಂದಾಯ್ತಲ್ಲ?"

"ಇದು ಗೇಟು ಕಣಪ್ಪ. ಗೇಟಿಗೆ ಬಂದದ್ದು ಒಳಗೆ ಬಂದ ಹಾಗಾ? ಯಾವ ಮನೆ ಸಾಮಾನೋ ಆ ಮನೆ ಸೇರ್ಬೇಕು. ಸೇರಿ ಒಂದು ಗಂಟೆ ಇರ್ಬೇಕು. ಇಲ್ಲಾಂದ್ರೆ ಸುಮ್ನೆ ಬಂದು ಸುಮ್ನೆ ಹೋದ ಹಾಗಾಗುತ್ತೆ. ಸುಮ್ನೆ ಬಂದು ಹೋಗೋದಕ್ಕೆ ಇದೇನು ಪಾರ್ಕಾ?"

ಬೈಂಡರ್ ಆಕಾಶ ನೋಡಿದ. ಆಕಾಶದಲ್ಲಿ ಯಾರೂ ಕಾಣಲಿಲ್ಲ. ಸಿಲಿಂಡರನ್ನು ಹೆಗಲಿಗೇರಿಸಿಕೊಂಡ.

ಮೂರು ಮಹಡಿ. ಒಂದು ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಲಿಫ್ಟಿಗೆ ಮೇಷ್ಟ್ರು ಹಿಂದಿನ ವಾರ ಸಲಹೆ ಕೊಟ್ಟಿದ್ದರಿಂದ ಅದು ಓಡುತ್ತಿರಲಿಲ್ಲ. ಮೊದಲನೆಯದನ್ನು ಹೊತ್ತು ಹತ್ತುವಾಗ ದೊಡ್ಡಮ್ಮ ಹಿಂದೆ ಹಿಂದೆ ಬರುತ್ತ, ಗೋಡೆಗೆ ಉಜ್ಜಬೇಡ, ಅಂಚು ತುಳಿಯಬೇಡ ಎಂದು ಹೇಳುತ್ತಲೇ ಇದ್ದಳು. ಎರಡನೆಯದು ಬರುವಷ್ಟರಲ್ಲಿ ಬೈಂಡರನ ಮೊಣಕಾಲು ಹಳೆ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಎರಡನ್ನೂ ಅದೇ ಮೂಲೆಯಲ್ಲಿ ಅಕ್ಕಪಕ್ಕ ನಿಲ್ಲಿಸಿ, ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕೂತ. ಮೇಷ್ಟ್ರು ಗಡಿಯಾರ ನೋಡುತ್ತ ಕುರ್ಚಿಯಲ್ಲಿ ಕೂತರು. ದೊಡ್ಡಮ್ಮ ನೈಟಿಯ ಪಕ್ಕ ಕೂತಳು. ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಯುವುದನ್ನು ಕಾಯುವವರ ಹಾಗೆ ಒಂದು ಗಂಟೆ ಕಳೆಯಿತು.

ಬೈಂಡರ್ ಮಾತ್ರ ಒಮ್ಮೆ ಎದ್ದು ಹೋಗಿ, ಒಳಗಿನ ಕೋಣೆಯಲ್ಲಿ ತಾನೇ ಪುಸ್ತಕದ ರಟ್ಟಿನಿಂದ ಮಾಡಿ ಬಟ್ಟೆ ಅಂಟಿಸಿದ್ದ ಪುಟ್ಟ ತೊಟ್ಟಿಲನ್ನು ಮುಟ್ಟಿ ನೋಡಿ ಬಂದ. ಅದು ಗಟ್ಟಿಯಾಗಿತ್ತು.

"ಐದು ಗಂಟೆಗೆ ಬರ್ತಾಳೆ ಮೇಷ್ಟ್ರೇ," ಎಂದ.

"ಬರ್ಲಿ ಬರ್ಲಿ," ಎಂದರು ಮೇಷ್ಟ್ರು. ಅವರ ಬಾಯಿಂದ ಆ ದಿನ ಬಂದ, ಯಾರಿಗೂ ತೊಂದರೆ ಕೊಡದ ಮಾತು ಅದೊಂದೇ.

ಮಧ್ಯಾಹ್ನ ಎರಡೂಮುಕ್ಕಾಲಿಗೆ ಗೇಟ್ ಚೀಟಿ ಬೈಂಡರನ ಜೇಬಿನಲ್ಲಿತ್ತು. ಪ್ರೆಸ್ಸಿನಿಂದ ಕಾಗದ ಸಾಗಿಸುವ ತಳ್ಳುಗಾಡಿ ತಂದು ಎರಡು ಸಿಲಿಂಡರನ್ನೂ ಉದ್ದಕ್ಕೆ, ಒಂದರ ಹಿಂದೆ ಒಂದು ಮಲಗಿಸಿದ. ಉರುಳಬಾರದೆಂದು ಮೇಷ್ಟ್ರು ತಮ್ಮ ಮನೆಯ ಬಿಳಿ ಹಾಸು ತಂದು ಪೂರ್ತಿ ಹೊದಿಸಿ ಬಿಗಿದು ಕಟ್ಟಿದರು. ಒಂದು ಕೊನೆಯಲ್ಲಿ ಹೂವಿನ ನೈಟಿಯ ಅಂಚು ಇಣುಕುತ್ತಿತ್ತು. ಬೈಂಡರ್ ತಲೆ ತಗ್ಗಿಸಿ ಗಾಡಿ ತಳ್ಳಿದ. ಹಿಂದೆ ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಡೆದಳು, ಬಿಸಿಲು ಹಾಗಿತ್ತು. ಅವಳ ಹಿಂದೆ ಮೇಷ್ಟ್ರು ಕೈ ಕಟ್ಟಿಕೊಂಡು ನಡೆದರು.

ಮೊದಲ ತಿರುವಿನಲ್ಲೇ ಒಬ್ಬ ಸೈಕಲ್ಲಿನವನು ಇಳಿದು ಪಕ್ಕಕ್ಕೆ ನಿಂತ. ಎರಡನೇ ತಿರುವಿನಲ್ಲಿ ಕ್ಷೌರದ ಅಂಗಡಿಯವನು ಹೊರಗೆ ಬಂದು ನಿಂತ, ಅರ್ಧ ಬೋಳಿಸಿದ ಗಿರಾಕಿಯೂ ಅವನ ಪಕ್ಕ ಕತ್ತಿಗೆ ಬಟ್ಟೆ ಕಟ್ಟಿಕೊಂಡು ನಿಂತ. ಬಸ್ಸು ನಿಂತಿತು. ಡ್ರೈವರು ಇಂಜಿನ್ ಆರಿಸಿದ. ಯಾರೋ ನಾಲ್ಕು ಜನ ಸುಮ್ಮನೆ ಹಿಂದೆ ಸೇರಿಕೊಂಡರು, ಮುಂದಿನ ಬೀದಿಯಲ್ಲಿ ಹತ್ತು ಜನ. ಬೈಂಡರ್ ಒಮ್ಮೆ ತಿರುಗಿ ನೋಡಿದಾಗ ಬೀದಿ ತುಂಬ ತಲೆಗಳು, ಎಲ್ಲವೂ ತಗ್ಗಿದ್ದವು.

ಬಿಳಿ ಮೀಸೆಯ ಮುದುಕನೊಬ್ಬ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಧೈರ್ಯ ತಗೋಪ್ಪಾ. ಬಹಳ ದಿನದಿಂದ ಮಲಗಿದ್ರಾ?"

"ಇಲ್ಲ ಅಜ್ಜಾ, ನಿಂತೇ ಇದ್ವು," ಎಂದ ಬೈಂಡರ್.

ಮುದುಕ, ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದು ಪಕ್ಕದವನಿಗೆ ಹೇಳಿದ. ಪಕ್ಕದವನು ಬೈಂಡರನಿಂದ ಗಾಡಿಯನ್ನೇ ಕಿತ್ತುಕೊಂಡು, ನೀನು ತಳ್ಳಬಾರದಪ್ಪ, ನಾವೆಲ್ಲ ಇರುವಾಗ ನೀನು ತಳ್ಳುವುದಾ ಎಂದು ತಾನೇ ತಳ್ಳಿದ. ಅದೊಂದು ಉಪಕಾರವಾಯಿತು. ಆದರೆ ಅವನು ತಳ್ಳಿದ್ದು ಸ್ಮಶಾನದ ದಾರಿಗೆ. ಅರ್ಧ ಮೈಲಿ ಹೋಗಿ, ಗೇಟಿನ ಒಳಗೂ ಹೋದ ಮೇಲೆ, ಬೈಂಡರ್ ಮೇಲೆ ಬಿದ್ದು ಹಾಸು ಕಿತ್ತು ತೋರಿಸಬೇಕಾಯಿತು. ಜನ ನೋಡಿದರು. ಕೆಂಪು ಬಣ್ಣದ ಕಬ್ಬಿಣ, ಹೂವಿನ ನೈಟಿ, ಬಂಗಾರದ ಅಕ್ಷರದಲ್ಲಿ ಸಂಪುಟ ಎರಡು.

"ಥೂ! ಸಿಲಿಂಡರಿಗೆ ಇಷ್ಟು ದೂರ ಬಂದ್ವಾ!" ಎಂದ ಗಾಡಿ ತಳ್ಳಿದವನು. ಗುಂಪು ಬೈಯುತ್ತ ಚದುರಿತು. ಈ ರಾದ್ಧಾಂತದಲ್ಲಿ ಒಂದು ಲಾಭವಾಯಿತು. ಹಾಸು ಕಿತ್ತ ಭರಕ್ಕೆ ಹಗ್ಗ ಸಡಿಲಾಗಿ, ದೊಡ್ಡಮ್ಮನ ನೈಟಿ ಒಂದು ನೂಲೂ ಹರಿಯದೆ ಈಚೆ ಬಂತು. ಅವಳು ಅದನ್ನು ಕೊಡವಿ ಮಡಚಿ ಕಂಕುಳಲ್ಲಿಟ್ಟು, ತನ್ನ ಕೆಲಸ ಮುಗಿಯಿತೆಂದು ಮನೆಯ ಕಡೆ ಹೊರಟಳು. ಮೇಷ್ಟ್ರಿಗೂ ಬಿಸಿಲು ಸಾಕಾಗಿತ್ತು.

"ಇನ್ನು ನೀನೇ ಸಂಭಾಳಿಸು. ಡಿಪೋ ಒಳಗೆ ಯಾರ ಮಾತೂ ಕೇಳಬೇಡ," ಎಂದು ಕೊನೆಯ ಸಲಹೆ ಕೊಟ್ಟು ಅವರೂ ಹೋದರು.

ನಾಲ್ಕು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಬೈಂಡರ್ ಓಡುತ್ತ ಗಾಡಿ ತಳ್ಳುತ್ತ ಡಿಪೋದ ಮುಂಬಾಗಿಲು ಹೊಕ್ಕ. ಅಂಗಿ ಮೈಗೆ ಅಂಟಿಹೋಗಿತ್ತು. ಗುಮಾಸ್ತ ಚೀಟಿ ನೋಡಿದ, ಸಿಲಿಂಡರನ್ನು ಬೆರಳಿನಿಂದ ತಟ್ಟಿದ.

"ಖಾಲಿ ಎರಡು. ಚೀಟಿ ಸರಿಯಾಗಿದೆ. ಬಂಗಾರದ ಅಕ್ಷರ ಚೆನ್ನಾಗಿದೆ, ಯಾರು ಬರೆದದ್ದು?"

"ನಾನೇ."

"ಒಳ್ಳೆ ಕೈ. ಇಲ್ಲಿ ಸಹಿ ಮಾಡಿ. ಹಿಂದಿನ ಗೇಟಿಂದ ಹೋಗಿ."

ಅಷ್ಟೇ. ಯಾವ ಗಲಾಟೆಯೂ ಇಲ್ಲ. ಇಬ್ಬರು ಬಂದು ಸಂಪುಟ ಒಂದನ್ನೂ ಎರಡನ್ನೂ ಉರುಳಿಸಿಕೊಂಡು ಹೋದರು. ಬೈಂಡರನ ಎದೆ ಹಗುರಾಯಿತು. ಮೂವತ್ತೈದು ನಿಮಿಷ ಇದೆ. ಬೇಗ ಬೇಗ ನಡೆದರೆ ಟ್ಯಾಕ್ಸಿ ಬರುವಷ್ಟರಲ್ಲಿ ಮನೆ ಸೇರಬಹುದು. ಮುಖ ತೊಳೆದು ಬೇರೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರಬಹುದು. ಖಾಲಿ ಗಾಡಿ ತಳ್ಳುತ್ತ ಅವನು ಹಿಂದಿನ ಗೇಟಿಗೆ ಬಂದ.

ಗೇಟಿನವನು ಕೈ ಅಡ್ಡ ಹಿಡಿದ. ಸಣ್ಣಗೆ, ಸಾಧು ಮುಖದವನು.

"ಸ್ವಲ್ಪ ನಿಂತ್ಕೊಳಿ ಸಾರ್. ನಿಮ್ಮದು ಬರ್ತಿದೆ."

"ನಂದೇನು?"

"ತುಂಬಿದ್ದು ಎರಡು. ಖಾಲಿ ಎರಡು ಕೊಟ್ಟಿದೀರಲ್ಲ?"

"ನನಗೆ ಬೇಡಪ್ಪಾ! ನಾನು ಕೊಡೋಕೆ ಬಂದೋನು, ತಗೊಳೋಕಲ್ಲ!"

"ಹಂಗೆ ಆಗಲ್ಲ ಸಾರ್. ಇದು ಡಿಪೋ. ಖಾಲಿ ಎಷ್ಟು ಒಳಗೆ ಬಂತೋ, ತುಂಬಿದ್ದು ಅಷ್ಟೇ ಹೊರಗೆ ಹೋಗ್ಬೇಕು. ಶುರುವಾದಾಗಿಂದ ಹಂಗೇ. ದುಡ್ಡೇನೂ ಬೇಡ, ಹಳೇ ಸ್ಟಾಕು. ಊರಿಗೆಲ್ಲ ಪೈಪ್ ಬಂದ್ಮೇಲೆ ಇದನ್ನ ಕೇಳೋರಿಲ್ಲ."

"ಕೇಳೋರಿಲ್ಲ ಅಂದ್ಮೇಲೆ ನನಗ್ಯಾಕೆ ಕೊಡ್ತೀರಿ?"

"ಕಾಯಿದೆ ತೆಗೀಬೇಕಾದ ಸಾಹೇಬ್ರು ರಿಟೈರಾದ್ರು," ಎಂದ ಗೇಟಿನವನು ನಿಜವಾದ ಮರುಕದಿಂದ.

ಎರಡು ಹೊಸ ಸಿಲಿಂಡರು ಉರುಳುತ್ತ ಬಂದವು. ಖಾಲಿಯವಕ್ಕಿಂತ ಎರಡರಷ್ಟು ಭಾರ. ಗಾಡಿಯ ಮೇಲೆ ಬಿದ್ದಾಗ ಗಾಡಿ ನರಳಿತು. ಗೇಟಿನವನು ಎರಡಕ್ಕೂ ಒಂದೊಂದು ತಗಡಿನ ಬಿಲ್ಲೆ ಕಟ್ಟಿದ. ಅದರ ಮೇಲೆ ಬೈಂಡರನ ಹೆಸರು, ಮನೆ ನಂಬರು.

"ಎಲ್ಲಾದ್ರೂ ಬಿಟ್ಟು ಹೋಗ್ತೀನಿ," ಎಂದ ಬೈಂಡರ್.

"ಬಿಡಿ ಸಾರ್, ಅದಕ್ಕೂ ವ್ಯವಸ್ಥೆ ಇದೆ. ನಮ್ಮ ಲಾರಿ ದಿನಾ ಸುತ್ತುತ್ತೆ. ಬೀದೀಲಿ ಸಿಕ್ಕಿದ್ದನ್ನ ಬಿಲ್ಲೆ ನೋಡಿ ಮನೆ ಬಾಗಿಲಿಗೇ ತಲುಪಿಸ್ತೀವಿ. ಬೆಲ್ ಮಾಡಿ, ಮನೇಲಿರೋ ಹಿರಿಯರ ಸಹಿ ತಗೊಂಡೇ ಬರೋದು."

ಮನೆಯಲ್ಲಿರುವ ಹಿರಿಯರು ಯಾರೆಂಬುದು ಬೈಂಡರನ ಕಣ್ಣ ಮುಂದೆ ಬಂತು. ಅವನು ಗಾಡಿಯ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡ.

"ಹಾಗಾದ್ರೆ ಇವನ್ನ ಏನು ಮಾಡ್ಲಿ?"

"ಖಾಲಿಯಾದ ಮೇಲೆ ತನ್ನಿ. ತಗೊಳ್ಳೋಣ," ಎಂದು ಗೇಟಿನವನು ಬಾಗಿಲು ಹಾಕಿಕೊಂಡ.

ಹಿಂದಿನ ಬೀದಿಯಲ್ಲಿ ಡಿಪೋದ ಗೋಡೆ ಉದ್ದಕ್ಕೆ ಚಾಚಿತ್ತು. ಅದರ ನೆರಳಲ್ಲಿ ಸಾಲಾಗಿ ಹದಿನಾಲ್ಕು ಗಂಡಸರು ಕೂತಿದ್ದರು. ಒಬ್ಬೊಬ್ಬರೂ ಒಂದೊಂದು ಸಿಲಿಂಡರಿನ ಮೇಲೆ. ಕೆಲವರ ಪಕ್ಕದಲ್ಲಿ ಇನ್ನೊಂದು. ಒಬ್ಬ ಪೇಪರ್ ಓದುತ್ತಿದ್ದ. ಒಬ್ಬ ಅಂಗಿ ಒಗೆದು ಗೋಡೆಯ ಮೇಲೆ ಒಣಗಹಾಕಿದ್ದ. ಸಾಲಿನ ಕೊನೆಯಲ್ಲಿ ಒಬ್ಬ ದಪ್ಪನೆಯವನು ಸಿಲಿಂಡರಿಗೆ ಒಲೆ ಸಿಕ್ಕಿಸಿ ದೊಡ್ಡ ಪಾತ್ರೆಯಲ್ಲಿ ಬರೀ ನೀರು ಕುದಿಸುತ್ತಿದ್ದ. ಎಲ್ಲರೂ ತಲೆ ಎತ್ತಿ ಬೈಂಡರನನ್ನು ನೋಡಿದರು. ಯಾರೂ ನಗಲಿಲ್ಲ.

"ಬನ್ನಿ, ಈ ಕಡೆ ನೆರಳಿದೆ," ಎಂದ ದಪ್ಪನೆಯವನು ಸರಿದು ಜಾಗ ಮಾಡುತ್ತ.

ಬೈಂಡರ್ ಒಂದು ಸಿಲಿಂಡರ್ ಇಳಿಸಿ ಅದರ ಮೇಲೆ ಕೂತ.

"ನೀರು ಯಾಕೆ ಕಾಯಿಸ್ತಿದೀರಿ?"

"ಗ್ಯಾಸ್ ಮುಗಿಸೋಕೆ. ಬೇಗ ಖಾಲಿಯಾದ್ರೆ ಬೇಗ ಒಪ್ಪಿಸಬಹುದಲ್ಲ."

"ಒಪ್ಪಿಸಿದ ಮೇಲೆ?"

ದಪ್ಪನೆಯವನು ಪಾತ್ರೆಗೆ ಇನ್ನೊಂದು ಚೊಂಬು ನೀರು ಹಾಕಿ, ನಿಧಾನವಾಗಿ ಮುಚ್ಚಳ ಮುಚ್ಚಿದ.

"ಇದು ನಂದು ಮೂರನೇ ಜೊತೆ," ಎಂದ.

ಅಷ್ಟರಲ್ಲಿ ಬೈಂಡರನ ಫೋನು ಬಡಿದುಕೊಂಡಿತು. ಸರಿಯಾಗಿ ಐದು ಗಂಟೆ.

"ರೀ! ನಾವು ಮನೆ ಒಳಗಿದೀವಿ!" ಹೆಂಡತಿಯ ದನಿಯಲ್ಲಿ ನಗು ತುಳುಕುತ್ತಿತ್ತು. "ಅಮ್ಮ ಮಂಚದ ಕೆಳಗೂ ಬಗ್ಗಿ ನೋಡಿದ್ಲು. ಎಲ್ಲೂ ಇಲ್ಲ. ಪರವಾಗಿಲ್ಲ, ಅಳಿಯ ಗಟ್ಟಿಗ ಅಂದ್ಲು ಕಣ್ರೀ, ಅಮ್ಮ! ತೊಟ್ಟಿಲು ಎಷ್ಟು ಚೆನ್ನಾಗಿದೆ. ಮಗು ಎಚ್ಚರ ಇದೆ, ಬಾಗಿಲ ಕಡೇನೇ ನೋಡ್ತಿದೆ. ಎಲ್ಲಿದೀರಿ?"

"ಇಲ್ಲೇ," ಎಂದ ಬೈಂಡರ್. "ಹತ್ತಿರದಲ್ಲೇ."

"ಬೇಗ ಬನ್ನಿ. ದಾರೀಲಿ ಅದೂ ಇದೂ ಅಂತ ಏನೂ ತರೋಕೆ ಹೋಗ್ಬೇಡಿ. ಬರಿಗೈಯಲ್ಲಿ ಬನ್ನಿ, ಸಾಕು."

ಫೋನಿನಲ್ಲಿ ಮಗು ಏನೋ ಒಂದು ಸದ್ದು ಮಾಡಿತು. ಬೈಂಡರ್ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೊನೆಯ ತನಕ ಕೇಳಿಸಿಕೊಂಡ. ಆಮೇಲೆ ಅದನ್ನು ಜೇಬಿಗಿಟ್ಟು, ಎರಡೂ ಸಿಲಿಂಡರನ್ನು ಒಮ್ಮೆ ನೋಡಿ, ದಪ್ಪನೆಯವನ ಕಡೆ ತಿರುಗಿದ.

"ಅಣ್ಣಾ, ಇನ್ನೊಂದು ಒಲೆ ಇದೆಯಾ?"